ಜಾಕೆಟ್‌ಗೆ ಒಗೆಯೋ ಕಲ್ಲು ಬೇಡ

ಬೆಂಗಳೂರಿಂದ ಹತ್ತಿಕುಣಿಗೆ ಬೈಕಲ್ಲಿ ಬಂದರೆ ಜಾಕೆಟ್ ತುಂಬ ಧೂಳು, ಬೆವರು. ನಮ್ಮೂರಲ್ಲಿ ಒಗೆಯೋದು ಅಂದ್ರೆ ಕಲ್ಲಿಗೆ ಬಡಿದು, ಹಿಂಡಿ, ಬಿಸಿಲಿಗೆ ಹಾಕೋದು. ಹತ್ತಿ ಬಟ್ಟೆ ತಡ್ಕೊಳ್ಳುತ್ತೆ. ಪಾಲಿಯೆಸ್ಟರ್ ಜಾಕೆಟ್‌ಗೆ ಈ ಮೂರೂ ಬೇಡ.

ಮೊದಲು ಭುಜ, ಮೊಣಕೈ, ಬೆನ್ನಿನ ಪ್ಯಾಡ್ ತೆಗೀಬೇಕು. ಜಿಪ್ ಹಾಕಿ, ವೆಲ್ಕ್ರೋ ಅಂಟಿಸಬೇಕು. ಇಲ್ಲಾಂದ್ರೆ ಅದರ ಮುಳ್ಳು ಒಳಗಿನ ಜಾಳಿಗೆಯ ನೂಲು ಕೀಳುತ್ತೆ. ಉಗುರುಬೆಚ್ಚಗಿನ ನೀರು, ಸ್ವಲ್ಪ ಲಿಕ್ವಿಡ್ ಸೋಪು, ಮೆತ್ತನೆ ಬ್ರಷ್ ಸಾಕು. ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕಿದರೆ ಮಳೆನೀರು ಜಾರಿಸೋ ಗುಣ ಕೆಡುತ್ತೆ.

“ಕೂಸಿಗಿ ಜಳಕ ಮಾಡಿಸ್ದಂಗ ಮಾಡ್ತಿಯಲ್ಲೋ!” ಅಂತ ಅವ್ವ ನಗ್ತಾಳೆ. ನಗಲಿ. ನಮ್ಮ ಬಿಸಿಲು ನೂಲಿನ ಬಲವನ್ನೇ ತಿನ್ನುತ್ತೆ, ನೆರಳಲ್ಲೇ ಒಣಗಿಸ್ತೀನಿ.

ಪ್ಯಾಡ್ ವಾಪಸ್ ಹಾಕುವಾಗ ಹೊಲಿಗೆಗಳ ಮೇಲೆ ಬೆರಳಾಡಿಸಿ ನೋಡ್ತೀನಿ. ಬಿದ್ದಾಗ ಹೊಲಿಗೆ ಬಿಟ್ಟರೆ ಪ್ಯಾಡ್ ಜಾರುತ್ತೆ, ಮೊಣಕೈ ಡಾಂಬರಿಗೆ ಸಿಗುತ್ತೆ. ಕಲೆ ಒಂದೆರಡು ಉಳಿದರೂ ಪರವಾಗಿಲ್ಲ, ಹೊಲಿಗೆ ಗಟ್ಟಿ ಇರಬೇಕು.