ಪುಸ್ತಕ ದಾಸೋಹವೂ ಕರಡು ತಿದ್ದುವ ಕಾಯಕವೂ

ಹಿಡಕಲ್ ಜಲಾಶಯದ ಸಮೀಪದ ನಮ್ಮೂರಿನಲ್ಲಿ ಕಳೆದ ಶ್ರಾವಣದ ಪ್ರವಚನ ಮುಗಿದ ಸಂಜೆ, ಹತ್ತು ವರುಷದ ಬಾಲೆಯೊಬ್ಬಳು ಅಕ್ಕಮಹಾದೇವಿಯ ವಚನವೊಂದನ್ನು ತಡವರಿಸದೆ ಒಪ್ಪಿಸಿದಳು. ಕೊನೆಗೆ ಬಂದ ಅಂಕಿತ ಮಾತ್ರ ಚೆನ್ನಮಲ್ಲಿಕಾರ್ಜುನನದಲ್ಲ, ಅಲ್ಲಮಪ್ರಭುಗಳ ಗುಹೇಶ್ವರ. ನಾವು ಆಕೆಯನ್ನು ಬಳಿಗೆ ಕರೆದು ತಿದ್ದಹೋದೆವು. “ಅಜ್ಜಾರ, ಪುಸ್ತಕದಾಗ ಹಿಂಗ ಐತ್ರಿ” ಎಂದು ಹೊತ್ತಗೆಯನ್ನೇ ಮುಂದಿಟ್ಟಳು. ಆಕೆಯ ಮಾತು ನಿಜವಾಗಿತ್ತು.

ಅದು ಹಿರಿಯರೊಬ್ಬರ ಸ್ಮರಣೆಗಾಗಿ ಅವರ ಮನೆಯವರು ಅಚ್ಚು ಹಾಕಿಸಿ ಹಂಚಿದ ಪುಸ್ತಕ. ಮೇಲ್ಹೊದಿಕೆ ಹೊಳೆಯುತ್ತಿತ್ತು; ಒಳಗೆ ಬಣ್ಣದ ಭಾವಚಿತ್ರಗಳಿದ್ದವು. ಸಂಪಾದಕರ ಹೆಸರಿಲ್ಲ, ಮುದ್ರಣದ ವರ್ಷವಿಲ್ಲ, ವಚನಗಳನ್ನು ಎಲ್ಲಿಂದ ಆಯ್ದುಕೊಂಡರೆಂಬ ಸೂಚನೆಯೂ ಇಲ್ಲ. ವಿಚಾರಿಸಲು, “ಮನ್ಯಾಗಿದ್ದ ಹಳೇ ಪುಸ್ತಕ ನೋಡಿ ಬರಸೇವ್ರಿ ಗುರುಗಳ” ಎಂದರು. ಆ ಹಳೆಯ ಪುಸ್ತಕವನ್ನು ತರಿಸಿ ನೋಡಿದಾಗ ನಮ್ಮ ಕೈ ನಡುಗಿತು. ಅದರ ಕರಡಚ್ಚು ತಿದ್ದಿದವರು ನಾವೇ!

1984ರ ಮಾತು. ಮಠದಲ್ಲಿ ಓದುತ್ತಿದ್ದ ನಮಗೆ ಆ ಕೆಲಸ ಒಪ್ಪಿಸಲಾಗಿತ್ತು. ಮೊಳೆ ಜೋಡಿಸುವ ಕಾಲ, ಜಾತ್ರೆ ಮರುದಿನ. ಕೊನೆಯ ಪುಟಗಳನ್ನು ಓದದೆಯೇ ಒಪ್ಪಿಗೆ ಕೊಟ್ಟೆವು. ತಪ್ಪು ಆಮೇಲೆ ಕಂಡಿತು. ಉಳಿದ ಪ್ರತಿಗಳಿಗೆ ಒಪ್ಪೋಲೆ ಅಂಟಿಸಿದೆವು. ಮನೆಮನೆಗೆ ಹೋದವು ಹಾಗೆಯೇ ಉಳಿದವು. ಒಂದು ದಿನದ ಅವಸರ ನಾಲ್ಕು ದಶಕ ದಾಟಿ ಮಗುವಿನ ನಾಲಗೆಗೆ ಬಂದಿತ್ತು.

ಈ ನಾಡಿನ ವಚನಪ್ರಕಟಣೆಯ ಹಾದಿ ಅವಸರದ್ದಲ್ಲ. ಫ. ಗು. ಹಳಕಟ್ಟಿಯವರು (1880–1964) ತಾಳೆಗರಿಗಳನ್ನು ಅರಸಿ ಊರೂರು ತಿರುಗಿದರು. ಅವರ ‘ವಚನಶಾಸ್ತ್ರಸಾರ’ 1923ರಲ್ಲಿ ನಮ್ಮ ಬೆಳಗಾವಿಯಲ್ಲಿಯೇ ಮುದ್ರಣಗೊಂಡಿತು. 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನೂ ಸ್ಥಾಪಿಸಿದರು. ಮುಂದೆ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರಕಾರವು ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿತು. ಹೋಲಿಸಿ ನೋಡಲು ಇಂತಹ ಆಕರವಿರುವಾಗ ಸಿಕ್ಕಿದ್ದನ್ನು ನಕಲು ಮಾಡುವುದು ತರವಲ್ಲ.

ಇಂದು ಗಣಕಯಂತ್ರದಿಂದ ನೂರು ಪ್ರತಿಗಳನ್ನೂ ಸುಲಭವಾಗಿ ಮುದ್ರಿಸಬಹುದು. ಆದರೆ ಒಂದು ಲಿಪಿ ತಂತ್ರಾಂಶದಿಂದ ಇನ್ನೊಂದಕ್ಕೆ ಬದಲಿಸುವಾಗ ಒತ್ತಕ್ಷರಗಳು ಕೆಡುವುದುಂಟು. ಐಎಸ್‌ಬಿಎನ್ ಇದ್ದರೆ ಪುಸ್ತಕ ಪ್ರಮಾಣವೆಂದು ಕೆಲವರು ಭಾವಿಸುತ್ತಾರೆ. 2007ರಿಂದ 13 ಅಂಕಿಗಳಾಗಿರುವ ಆ ಸಂಖ್ಯೆ ಪುಸ್ತಕದ ಗುರುತು ಮಾತ್ರ, ಪಾಠಶುದ್ಧಿಗೆ ಸಾಕ್ಷಿಯಲ್ಲ. 1954ರ ಕಾಯದೆಯಂತೆ ಪ್ರಕಾಶಕರು ಕೋಲ್ಕತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ ಪ್ರತಿಯನ್ನು ಕಳುಹಿಸಬೇಕು. ನಮ್ಮ ಸ್ಮರಣೆಯ ಹೊತ್ತಗೆಗಳಲ್ಲಿ ಅಲ್ಲಿಗೆ ತಲುಪಿದವೆಷ್ಟು?

ಆದುದರಿಂದ ಸದ್ಭಕ್ತರಲ್ಲಿ ನಮ್ಮ ಬಿನ್ನಹವಿಷ್ಟೆ. ಹಿರಿಯರ ಹೆಸರಿನಲ್ಲಿ ಪುಸ್ತಕ ತರುವಿರಾದರೆ ಮೇಲ್ಹೊದಿಕೆಯ ವೆಚ್ಚವನ್ನು ತುಸು ತಗ್ಗಿಸಿ, ಬಲ್ಲವರಿಂದ ಎರಡು ಬಾರಿ ಕರಡು ಓದಿಸಿರಿ. ಅವರಿಗೆ ಸಂಭಾವನೆ ಸಲ್ಲಿಸಿರಿ. ವರ್ಷ, ಆವೃತ್ತಿ, ಆಕರಗಳನ್ನು ನಮೂದಿಸಿರಿ. ಅಲ್ಪ ಬೆಲೆಯನ್ನಾದರೂ ಇಟ್ಟು ಜಾತ್ರೆಯ ಅಂಗಡಿಯಲ್ಲಿಯೂ ಮಾರಾಟಕ್ಕೆ ಇಡಿರಿ. ಕೊಂಡವರು ಓದುತ್ತಾರೆ, ತಪ್ಪಿದ್ದರೆ ಕೇಳುತ್ತಾರೆ. ಅನ್ನದಾಸೋಹದಲ್ಲಿ ಅಕ್ಕಿಯ ಕಲ್ಲನ್ನು ಆರಿಸುವ ನಾವು ಅಕ್ಷರದಾಸೋಹದಲ್ಲಿ ಆರಿಸದಿರುವುದು ಸಲ್ಲದು.

ಆ ಮನೆಯವರು ಉಳಿದ ಪ್ರತಿಗಳಿಗೆ ಒಪ್ಪೋಲೆ ಅಂಟಿಸಲು ಸಮ್ಮತಿಸಿದರು. ಬಾಲೆಯ ಪ್ರತಿಯನ್ನು ನಾವೇ ತಿದ್ದಿಕೊಟ್ಟು, ಮೊದಲ ತಪ್ಪು ನಮ್ಮದೆಂದು ಆಕೆಗೆ ತಿಳಿಸಿದೆವು. ಮರುವಾರ ಆಕೆ ಸರಿಯಾದ ಅಂಕಿತದೊಡನೆ ವಚನ ಹೇಳಿದಳು. 1984ರ ಆ ಪುಸ್ತಕ ಇನ್ನಾರ ಮನೆಯಲ್ಲಾದರೂ ಇದ್ದರೆ ದಯಮಾಡಿ ತಿದ್ದಿಕೊಳ್ಳಿರಿ. ಶರಣು ಶರಣಾರ್ಥಿ.