ಆಸೆಗೆ ಆರು ತಿಂಗಳ ಸೆರೆ

ಒಣಹಾಕಿದ ಮೆಣಸಿನಕಾಯಿಯನ್ನು ರಾತ್ರಿ ಕಣದಲ್ಲಿ ಹಾಗೇ ಬಿಟ್ಟು ಬರುವಂತಿಲ್ಲ. ಇಬ್ಬನಿಗೆ ತಾಡಪತ್ರಿ ಮುಚ್ಚಬೇಕು, ದನ ನುಗ್ಗದಂತೆ ನೋಡಬೇಕು, ಕಳ್ಳರ ಅಂಜಿಕೆ ಬೇರೆ. ಅದಕ್ಕೇ ಕಾಗಿನೆಲೆಯ ನಮ್ಮ ಹೊಲದಲ್ಲಿ ಸುಗ್ಗಿಯ ದಿನಗಳಲ್ಲಿ ಬೆಂಕಿ ಹಾಕಿಕೊಂಡು ಕಾವಲು ಕೂರುವುದು ರೂಢಿ. ಹುಬ್ಬಳ್ಳಿಯಲ್ಲಿ ಒಬ್ಬಳೇ ಇದ್ದ ತಂಗಿಗೆ ಟಿ.ವಿ. ಕೊಡಿಸಬೇಕೋ ಬೇಡವೋ ಎಂಬ ಮಾತು ಹುಟ್ಟಿದ್ದೂ ಅದಕ್ಕೊಂದು ದಾರಿ ಕಂಡದ್ದೂ ಆ ಬೆಂಕಿಯ ಮುಂದೆಯೇ. ಅದು 2023ರ ಫೆಬ್ರವರಿ.

ತಂಗಿ ಎಂ.ಬಿ.ಬಿ.ಎಸ್. ಮುಗಿಸಿ ಹಿಂದಿನ ವರ್ಷದ ಕೊನೆಗೆ ಜನರಲ್ ಮೆಡಿಸಿನ್ ಪಿ.ಜಿ.ಗೆ ಸೇರಿದ್ದಳು. ಆಸ್ಪತ್ರೆಗೆ ನಡೆದುಕೊಂಡು ಹೋಗಬಹುದಾದಷ್ಟು ದೂರದಲ್ಲಿ, ಒಂದು ಹಳೇ ಮನೆಯ ಮಾಳಿಗೆಯ ಮೇಲೆ ಅವಳ ಬಾಡಿಗೆ ಕೋಣೆ. ನಮ್ಮ ಮನೆತನದಲ್ಲಿ ಒಬ್ಬಳೇ ಮನೆ ಮಾಡಿಕೊಂಡು ಇದ್ದ ಹೆಣ್ಣುಮಗಳು ಅವಳೇ ಮೊದಲು. ಅವ್ವನಿಗೆ ಅದರ ಚಿಂತೆ, ಅಪ್ಪನಿಗೆ ಅದರ ಹೆಮ್ಮೆ. ರಾತ್ರಿಯಾದರೆ ಹೆಮ್ಮೆ ಕರಗಿ ಅಪ್ಪನಿಗೂ ಚಿಂತೆಯೇ ಉಳಿಯುತ್ತಿತ್ತು.

ಆ ದಿನ ಗುರುವಾರ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಟೆಂಡರು ನಡೆಯುವುದು ಸೋಮವಾರ ಮತ್ತು ಗುರುವಾರ. ಬ್ಯಾಡಗಿ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆದರೂ ಈಗ ನಮ್ಮ ತಾಲ್ಲೂಕಿನ ಹೊಲಗಳಲ್ಲಿ ಗೋವಿನಜೋಳ, ಹತ್ತಿಯೇ ಹೆಚ್ಚು. ಪೇಟೆ ತುಂಬುವ ಕಾಯಿ ಬಹುಪಾಲು ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯಿಂದ ಬರುತ್ತದೆ. ಅಪ್ಪ ಮಾತ್ರ ವರ್ಷವೂ ಒಂದಿಷ್ಟು ಡಬ್ಬಿ ಕಾಯಿ ಹಾಕದೇ ಬಿಡುವವನಲ್ಲ. ಆ ವರ್ಷ ದರವೂ ಕೈಹಿಡಿದಿತ್ತು. ದಲಾಲಿ ಅಂಗಡಿಯ ಪಟ್ಟಿಯನ್ನು ಕಿಸೆಯಿಂದ ತೆಗೆದು ಬೆಂಕಿಯ ಬೆಳಕಿಗೆ ಹಿಡಿದು ಅಪ್ಪ ಅಂದ:

"ತಮ್ಮಾ, ನಾಳೆ ರಾಣೆಬೆನ್ನೂರಿಗೆ ಹೋಗಿ ಒಂದು ಟಿ.ವಿ. ತರೋಣು. ಡ್ಯೂಟಿ ಮುಗಿಸಿ ಬಂದ್ರ ಆ ಕ್ವಾಣ್ಯಾಗ ಮಾತಾಡ್ಸೂರು ಯಾರದಾರ? ಏನರ ಸಪ್ಪಳಾ ಇದ್ರ ಮನುಷ್ಯಾಗ ಧೈರ್ಯ ಇರ್ತೈತಿ. ಈ ವರ್ಷ ವರ್ಲ್ಡ್ ಕಪ್ಪೂ ನಮ್ಮ ದೇಶದಾಗ ಐತಿ."

ಅವ್ವ ಬುತ್ತಿ ಬಿಚ್ಚುತ್ತಿದ್ದಳು. "ಆಕಿಗೆ ಉಣ್ಣಾಕ ಹೊತ್ತಿಲ್ಲ. ಟಿ.ವಿ. ಯಾವಾಗ ನೋಡಬೇಕು?" ಅಂದಳು.

ಹತ್ತು ಹದಿನೈದು ಸಾವಿರದ ಮಾತು, ಮೇಲೆ ತಿಂಗಳ ತಿಂಗಳ ಡಿಶ್ಶಿನ ಖರ್ಚು. ಆದರೆ ಅಂದು ಯಾರೂ ದುಡ್ಡಿನ ಮಾತು ಆಡಲಿಲ್ಲ. ಅಪ್ಪ ಹೇಳಿದ್ದರಲ್ಲಿಯೂ ಖರೆ ಇತ್ತು, ಅವ್ವ ಹೇಳಿದ್ದರಲ್ಲಿಯೂ ಇತ್ತು. ಹಾಗಾಗಿ ಮಾತು ಮುಂದೆ ಸಾಗಲಿಲ್ಲ.

ನಮ್ಮ ದೊಡ್ಡಪ್ಪ ಆದಿಕೇಶವನ ಗುಡಿಯ ಭಜನೆಗೆ ತಪ್ಪದೇ ಹೋಗುವ ಮನುಷ್ಯ. ಕನಕದಾಸರು ನಡೆದಾಡಿದ ಊರಿನಲ್ಲಿ ಹುಟ್ಟಿದವರಿಗೆ ಅವರ ಕೃತಿ ತಿಳಿದಿರಬೇಕು ಅನ್ನುವುದು ಅವನ ನಿಯಮ. ಅವನು 'ರಾಮಧಾನ್ಯ ಚರಿತೆ'ಯ ಕಥೆ ತೆಗೆದ. ನಮಗೆಲ್ಲ ಗೊತ್ತಿರುವ ಕಥೆಯೇ. ನೆಲ್ಲಿಗೂ ರಾಗಿಗೂ ಯಾರು ದೊಡ್ಡವರೆಂದು ಜಗಳ ಹತ್ತುತ್ತದೆ. ರಾಮ ಆ ಕ್ಷಣಕ್ಕೆ ತೀರ್ಪು ಕೊಡುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಗೆ ತೆಗೆದಾಗ ನೆಲ್ಲು ಸತ್ವ ಕಳೆದುಕೊಂಡಿರುತ್ತದೆ, ರಾಗಿ ಗಟ್ಟಿಯಾಗಿ ಉಳಿದಿರುತ್ತದೆ. ರಾಮ ಅದಕ್ಕೆ ತನ್ನ ರಾಘವ ಎಂಬ ಹೆಸರನ್ನೇ ಕೊಡುತ್ತಾನೆ.

"ಈ ಆಸೀನೂ ಆರು ತಿಂಗಳ ಸೆರ್ಯಾಗಿಡ್ರಿ," ಅಂದ ದೊಡ್ಡಪ್ಪ. "ಪಂಚಮಿಗೆ ಹುಡುಗಿ ಬರ್ತಾಳಲ್ಲ, ಆಗ ತೆಗೆದು ನೋಡೋಣು. ಗಟ್ಟಿ ಉಳದಿದ್ರ ಮರುದಿನಾನ ತರೋಣು. ಅಲ್ಲೀತನಕ ಆಕಿಗೆ ಏನು ಬೇಕು ಅಂತ ಯಾರರ ಹೋಗಿ ಕಣ್ಣಿಲೆ ನೋಡಿ ಬರ್ರಿ."

ನೋಡಿ ಬರುವ ಕೆಲಸ ನನ್ನ ಪಾಲಿಗೆ ಬಂತು. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಹಿಂಡಿ ಕಟ್ಟಿಕೊಂಡು ಬ್ಯಾಡಗಿಯಲ್ಲಿ ರೈಲು ಹತ್ತಿದೆ.

ನಾನು ಹೋದಾಗ ಹಗಲು ಹನ್ನೊಂದರ ಹೊತ್ತು. ತಂಗಿ ರಾತ್ರಿ ಡ್ಯೂಟಿ ಮುಗಿಸಿ ಬಂದು ಮಲಗಿದ್ದಳು. ಬಾಗಿಲು ತೆಗೆದವಳ ಹಣೆಯ ಮೇಲೆ ಓಢಣಿ ಕಟ್ಟಿದ ಗುರುತಿತ್ತು. ಕಿಟಕಿ ಮೂಡಣಕ್ಕೆ, ಮಂಚ ಕಿಟಕಿಯ ಬುಡಕ್ಕೆ. ಬಿಸಿಲು ನೆಟ್ಟಗೆ ದಿಂಬಿನ ಮೇಲೆ. ಆ ಬೆಳಕನ್ನು ತಪ್ಪಿಸಲು ಅವಳು ಓಢಣಿಯನ್ನು ಕಣ್ಣಿಗೆ ಬಿಗಿದುಕೊಂಡು ಮಲಗುತ್ತಿದ್ದಳು. ಕೋಣೆಯಲ್ಲಿ ಟಿ.ವಿ. ಇಡಲು ಇದ್ದದ್ದು ಒಂದೇ ಗೋಡೆ, ಅದೂ ಮಂಚದ ಎದುರಿಗೆ.

ಊಟಕ್ಕೆ ಕೂತಾಗ ಅಪ್ಪನ ಆಸೆ ಹೇಳಿದೆ. ಅವಳು ನಗಲಿಲ್ಲ, ಬೇಡವೆಂದೂ ಥಟ್ಟನೆ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅಂದಳು:

"ಅಣ್ಣಾ, ದಿನಾಪೂರ್ತಿ ಐ.ಸಿ.ಯು.ದಾಗ ಮಾನಿಟರ್ ಕೂಗ್ತಿರ್ತಾವು. ಯಾವ ಸಪ್ಪಳಕ್ಕ ಓಡಬೇಕು, ಯಾವ ಸಪ್ಪಳ ಬಿಡಬೇಕು ಅಂತ ಕಿವಿ ಕಾಯ್ತಾನ ಇರ್ತಾವು. ಈ ಬಾಗಲಾ ಹಾಕ್ಕೊಂಡ ಮ್ಯಾಲೆ ನನಗ ಸಪ್ಪಳಾನ ಬ್ಯಾಡ ಅನಸ್ತೈತಿ. ನಿದ್ದಿ ಬೇಕು. ಕತ್ತಲಾದಾಗ ಮೆದುಳು ಮೆಲಟೋನಿನ್ ಅಂತ ಒಂದು ಹಾರ್ಮೋನ್ ಬಿಡ್ತೈತಿ, ಬೆಳಕ ಕಂಡ್ರ ಅದು ತಗ್ಗತೈತಿ. ರಾತ್ರಿ ಎಚ್ಚರಿದ್ದವರಿಗೆ ಹಗಲಾಗ ಕತ್ತಲಾ ಮಾಡಿಕೊಡಬೇಕು. ನಮ್ಮ ಪೇಷಂಟಿಗೆ ಇದನ್ನ ಹೇಳ್ತೀನಿ, ನನಗ ಮಾಡ್ಕೊಳ್ಳಾಕ ಆಗಿಲ್ಲ."

ಮತ್ತೊಂದು ಮಾತನ್ನೂ ಸೇರಿಸಿದಳು. ಅವಳ ಜೊತೆ ಓದುವ ಹುಡುಗನೊಬ್ಬ ಕೋಣೆಯಲ್ಲಿ ಟಿ.ವಿ. ಇಟ್ಟುಕೊಂಡಿದ್ದನಂತೆ. ಹಳೇ ರಾಜ್‌ಕುಮಾರ್ ಸಿನಿಮಾ ಅರ್ಧ ಗಂಟೆ ನೋಡಿದರೆ ಅವನ ಮನಸ್ಸು ಹಗುರಾಗುತ್ತಿತ್ತು, ಮರುದಿನ ವಾರ್ಡಿಗೆ ಗೆಲುವಾಗಿ ಬರುತ್ತಿದ್ದ. "ಅವಗ ಅದು ಔಷಧ. ನನಗ ಹೌದೋ ಅಲ್ಲೋ ಗೊತ್ತಿಲ್ಲ," ಅಂದಳು.

ಊಟವಾದ ಮೇಲೆ ಅವಳನ್ನು ಮತ್ತೆ ಮಲಗಲು ಬಿಟ್ಟು ನಾನು ದುರ್ಗದ ಬೈಲಿನ ಪೇಟೆಗೆ ಹೋದೆ. ದಪ್ಪನೆಯ ಕಪ್ಪು ಬಟ್ಟೆಯ ಕರ್ಟನ್ ಕೊಂಡೆ, ಸರಳು, ಮೊಳೆ ತಂದೆ. ಮಂಚವನ್ನು ಕಿಟಕಿಯಿಂದ ಒಳಗೋಡೆಗೆ ಸರಿಸಿದೆ. ಕರ್ಟನ್ ಎಳೆದಾಗ ನಡುಹಗಲಿನಲ್ಲಿ ಕೋಣೆ ಕತ್ತಲಾಯಿತು. ಆ ವಾರ ಫೋನಿನಲ್ಲಿ ಅವಳ ದನಿಯೇ ಬೇರೆಯಾಗಿತ್ತು.

ಅವಳ ದಣಿವನ್ನು ನೋಡಿದ ಮೇಲೆ ಪಿ.ಜಿ. ಡಾಕ್ಟರರ ದುಡಿಮೆಗೆ ನಿಯಮವೇನಿದೆ ಎಂದು ನಾನು ಕೇಳಿ ತಿಳಿದುಕೊಂಡೆ. ರೆಸಿಡೆಂಟ್ ಡಾಕ್ಟರರು ಸಾಮಾನ್ಯವಾಗಿ ದಿನಕ್ಕೆ 12 ಗಂಟೆ, ವಾರಕ್ಕೆ 48 ಗಂಟೆ ಮೀರಿ ದುಡಿಯಬಾರದೆಂದು ಕೇಂದ್ರ ಸರ್ಕಾರ 1992ರಲ್ಲೇ ಹೇಳಿತ್ತು. ಮುಂದೆ 2024ರಲ್ಲಿ, ವೈದ್ಯಕೀಯ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ ನೇಮಿಸಿದ ಕಾರ್ಯಪಡೆ, ವಾರಕ್ಕೆ 74 ಗಂಟೆ ಮೀರಬಾರದು, ವಾರಕ್ಕೊಂದು ರಜೆ ಬೇಕು, ದಿನಕ್ಕೆ ಏಳೆಂಟು ಗಂಟೆ ನಿದ್ದೆ ಬೇಕು ಎಂದು ಶಿಫಾರಸು ಮಾಡಿತು. 48 ಎಂದಿದ್ದನ್ನು ಮೂವತ್ತು ವರ್ಷದ ಮೇಲೆ 74ಕ್ಕಾದರೂ ನಿಲ್ಲಿಸಿ ಎನ್ನಬೇಕಾಯಿತೆಂದರೆ ದೇಶದ ತುಂಬ ಈ ಮಕ್ಕಳು ಎಷ್ಟು ದುಡಿಯುತ್ತಿದ್ದಾರೆಂದು ನೀವೇ ಲೆಕ್ಕ ಹಾಕಿ. ಅಂಥವರಿಗೆ ಉಳಿಯುವ ಹೊತ್ತು ಬಲು ತುಟ್ಟಿಯದು. ಅದರೊಳಗೆ ಏನನ್ನು ತಂದಿಡುತ್ತೇವೆ ಅನ್ನುವುದು ಸಣ್ಣ ವಿಷಯವಲ್ಲ.

ಬೇಸಿಗೆ ಕಳೆಯಿತು, ಮಳೆ ಹಿಡಿಯಿತು. ಮಳೆಗಾಲದ ಜ್ವರ, ಡೆಂಗಿಯ ದಿನಗಳಲ್ಲಿ ಅವಳ ಫೋನು ಎರಡು ಮಾತಿಗೆ ಮುಗಿಯುತ್ತಿತ್ತು. ಎಲ್ಲೋ ಒಂದು ಭಾನುವಾರ ಬಿಡುವು ಸಿಕ್ಕರೆ ಮಾತ್ರ ಅವ್ವನ ಜೊತೆ ಉದ್ದಕ್ಕೆ ಮಾತಾಡುತ್ತಿದ್ದಳು. ಆ ಭಾನುವಾರಗಳ ಮಾತಿನಲ್ಲಿ ಏನೋ ಬಾಕಿ ಉಳಿಯುತ್ತದೆ ಅಂತ ಅವ್ವನಿಗೆ ಅನಿಸುತ್ತಿತ್ತು. ಏನೆಂದು ಅವಳಿಗೂ ಹೇಳಲು ಬರುತ್ತಿರಲಿಲ್ಲ.

ಆಗಸ್ಟ್ 21ಕ್ಕೆ ನಾಗರ ಪಂಚಮಿ. ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ತಂಗಿ ಎರಡು ದಿನದ ರಜೆ ಹಾಕಿ ಬಂದಳು. ಜೋಕಾಲಿ ಆಡಿದಳು, ಅಳ್ಳು ತಿಂದಳು, ಶೇಂಗಾ ಉಂಡಿ ಕಟ್ಟಿದಳು. ರಾತ್ರಿ ಪಡಸಾಲೆಯಲ್ಲಿ ಎಲ್ಲರೂ ಕೂತಾಗ ದೊಡ್ಡಪ್ಪ ಕೇಳಿದ: "ಏನವಾ ಡಾಕ್ಟರವ್ವಾ, ಆರು ತಿಂಗಳಾತು. ಸೆರೆ ಬಾಗಲಾ ತೆಗೀಲೇನು?"

ಅವಳು ಅಪ್ಪನ ಕಡೆ ನೋಡಿದಳು. "ಟಿ.ವಿ. ನನಗ ನೆನಪ ಆಗ್ಲಿಲ್ಲಪ್ಪ. ಆದ್ರ ಒಂದು ಬ್ಯಾರೇನ ಉಳದೈತಿ. ಡ್ಯೂಟಿ ಇಲ್ಲದ ದಿನಾ ಒಬ್ಬಾಕೀನ ತಾಟು ಮುಂದಿಟ್ಕೊಂಡು ಕುಂತ್ರ ರೊಟ್ಟಿ ಗಂಟಲದಾಗ ಇಳಿಯೂದಿಲ್ಲ. ಫೋನ್ ಹಚ್ಚಿ ಏನರ ನೋಡ್ಕೋತ ಉಣ್ತೀನಿ. ಏನು ನೋಡಿದ್ನಿ, ಏನು ಉಂಡ್ನಿ, ಎರಡೂ ನೆನಪಿರೂದಿಲ್ಲ."

ಅಪ್ಪ ಬಹಳ ಹೊತ್ತು ಸುಮ್ಮನಿದ್ದು ತನ್ನ ವಯಸ್ಸಿನ ಕಾಲದ ಮಾತು ತೆಗೆದ. 1987ರ ಜನವರಿಯಿಂದ ಮುಂದಿನ ವರ್ಷದ ಜುಲೈವರೆಗೆ ಭಾನುವಾರ ಮುಂಜಾನೆ ದೂರದರ್ಶನದಲ್ಲಿ ರಾಮಾಯಣ ಬರುತ್ತಿತ್ತು. ನಮ್ಮ ಓಣಿಗೆಲ್ಲ ಒಂದೇ ಟಿ.ವಿ. ಮಾಳಿಗೆ ಹತ್ತಿ ಆಂಟೆನಾ ತಿರುಗಿಸುವವನೊಬ್ಬ, ಬಂತು ಬಂತು ಅಂತ ಕೆಳಗಿನಿಂದ ಕೂಗುವವನೊಬ್ಬ. ಕರೆಂಟ್ ಹೋದರೆ ಟ್ರ್ಯಾಕ್ಟರಿನ ಬ್ಯಾಟರಿ ತಂದು ಜೋಡಿಸುತ್ತಿದ್ದರು. ಜಗಲಿ ತುಂಬಿ ಅಂಗಳಕ್ಕೆ ಇಳಿದ ಮಂದಿ. ಹಿಂದಿ ತಿಳಿಯದ ಮುದುಕಿಯರಿಗೆ ತಿಳಿದವರು ಕನ್ನಡದಲ್ಲಿ ಹೇಳುತ್ತಿದ್ದರು. ಮುಗಿದ ಮೇಲೆ ಯಾರದೋ ಮನೆಯ ಚಹಾ.

ಅಪ್ಪ ಹೇಳಿದ ಆ ಮಂದಿಯ ಮಾತು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತು. ಕರ್ನಾಟಕದ ಹಳ್ಳಿಗೆ ಟಿ.ವಿ. ಮೊದಲು ಬಂದದ್ದೇ ಹಾಗೆ. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ 'ಸೈಟ್' ಪ್ರಯೋಗದಲ್ಲಿ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಕಾರ್ಯಕ್ರಮ ಕಳಿಸಿದರು. ನಮ್ಮ ರಾಜ್ಯದಲ್ಲಿ ವಿಜಾಪುರ, ಗುಲ್ಬರ್ಗಾ, ರಾಯಚೂರಿನ ಹಳ್ಳಿಗಳು ಅದರಲ್ಲಿದ್ದವು. ಊರಿಗೊಂದು ಪೆಟ್ಟಿಗೆ, ಅದರ ಮುಂದೆ ಊರೆಲ್ಲ. ಅಪ್ಪನ ತಲೆಮಾರಿಗೆ ಟಿ.ವಿ. ಅಂದರೆ ಮಂದಿ. ಮಗಳ ಕೋಣೆಗೆ ಅವನು ಕಳಿಸಬೇಕೆಂದಿದ್ದದ್ದು ಆ ಮಂದಿಯನ್ನು. ಆದರೆ ಇವತ್ತು ಅಂಗಡಿಯಿಂದ ಪೆಟ್ಟಿಗೆ ತರಬಹುದು, ಜಗಲಿಯನ್ನು ತರಲಾಗದು.

ಅವ್ವ ಕೇಳಿದಳು: "ಕೆಳಗಿನ ಮನಿ ಕಾಕು ಯಾರ ಜೋಡಿ ಉಣ್ತಾರ?" ಮನೆ ಮಾಲಕಿ ಕಾಕು ವಯಸ್ಸಾದವರು, ಅವರೂ ಒಬ್ಬರೇ. ತಂಗಿಗೆ ಅದು ಗೊತ್ತಿತ್ತು. ಆದರೆ ಕರೆಯದೆ ಹೋಗುವ ಸಂಕೋಚ ಅವಳಿಗೆ, ಡಾಕ್ಟರಿಗೆ ದಣಿವಾಗಿರುತ್ತದೆಂಬ ಸಂಕೋಚ ಅವರಿಗೆ. ಹಬ್ಬ ಮುಗಿಸಿ ಹೋಗುವಾಗ ಅವ್ವ ಇಬ್ಬರಿಗಾಗುವಷ್ಟು ರೊಟ್ಟಿ, ಉಂಡಿ ಕಟ್ಟಿಕೊಟ್ಟಳು. ಅಂದಿನಿಂದ ಡ್ಯೂಟಿ ಇಲ್ಲದ ರಾತ್ರಿಗಳಲ್ಲಿ ಊಟ ಕೆಳಗೆ, ಕಾಕು ಜೊತೆ. ಅವರ ಮನೆಯಲ್ಲಿ ಟಿ.ವಿ. ಇತ್ತು. ಧಾರಾವಾಹಿ ನೋಡುತ್ತ ಇಬ್ಬರೂ ಮಾತಾಡುತ್ತಿದ್ದರು. ಊಟವಾದ ಮೇಲೆ ತಂಗಿ ಮೇಲೆ ಬಂದು ಕರ್ಟನ್ ಎಳೆದು ಮಲಗುತ್ತಿದ್ದಳು. ನಮ್ಮ ಮನೆಯಿಂದಲೂ ಯಾರಾದರೂ ಆಗಾಗ ಹೋಗಿ ಅವಳ ಜೊತೆ ಒಂದು ಹೊತ್ತು ಉಂಡು ಬರುವುದು ರೂಢಿಯಾಯಿತು. ನವೆಂಬರ್ 19ರ ವರ್ಲ್ಡ್ ಕಪ್ ಫೈನಲ್ಲಿಗೆ ಅಪ್ಪನೇ ಹೋದ. ತಂಗಿ ಡ್ಯೂಟಿಯಿಂದ ಬರುವ ಹೊತ್ತಿಗೆ ಭಾರತ ಸೋಲುವುದು ಖಚಿತವಾಗಿತ್ತು. ಮೂವರೂ ಕೂತು ಆ ಬೇಸರದಲ್ಲಿಯೇ ಉಂಡರು. ಮರುದಿನ ಊರಿಗೆ ಬಂದ ಅಪ್ಪ ಟಿ.ವಿ.ಯ ಮಾತನ್ನು ಮತ್ತೆ ಎತ್ತಲಿಲ್ಲ.

ಈಗ ನಮ್ಮ ಹಳ್ಳಿಗಳ ಮಕ್ಕಳು ಹುಬ್ಬಳ್ಳಿ, ದಾವಣಗೆರೆ, ಬೆಂಗಳೂರು ಅಂತ ಡಾಕ್ಟರಿಕೆಯ ಓದಿಗೆ ಹೋಗುತ್ತಿದ್ದಾರೆ. ಅವರ ಕೋಣೆಗೆ ಏನು ಕೊಡಿಸಬೇಕೆಂದು ನನ್ನನ್ನು ಕೇಳುವವರಿಗೆ ಇದೇ ಕಥೆ ಹೇಳುತ್ತೇನೆ. ಕಿಟಕಿಗೆ ದಪ್ಪ ಕರ್ಟನ್ ಮೊದಲ ದಿನವೇ ಹಾಕಿಸಿ, ಅದಕ್ಕೆ ಕಾಯಬೇಡಿ. ಟಿ.ವಿ.ಯನ್ನು ಆರು ತಿಂಗಳು ಕಾಯಿಸಿ. ಆಮೇಲೂ ಮಗು ಬೇಕೆಂದರೆ ಹಿಂದೆ ಮುಂದೆ ನೋಡದೆ ಮನಸಾರೆ ಕೊಡಿಸಿ. ಅರ್ಧ ಗಂಟೆ ಸಿನಿಮಾದಿಂದ ಗೆಲುವಾಗುವ ಜೀವವೂ ಇರುತ್ತದೆ, ಅದು ದಂಡದ ಖರ್ಚಲ್ಲ. ಆದರೆ ಕಾಯುವ ಆರು ತಿಂಗಳಲ್ಲಿ ಒಮ್ಮೆಯಾದರೂ ಬುತ್ತಿ ಕಟ್ಟಿಕೊಂಡು ಹೋಗಿ, ಊಟದ ಹೊತ್ತಿಗೆ ಎದುರು ಕೂತು ಕೇಳಿ. ನಮ್ಮ ಹುಡುಗಿ ಆರು ತಿಂಗಳು ಫೋನಿನಲ್ಲಿ ಹೇಳದ್ದನ್ನು ಎದುರಿಗೆ ಕೂತಾಗ ಒಂದೇ ಮಾತಿನಲ್ಲಿ ಹೇಳಿದಳು.