ಲೇಹ್‌ನ ಚಳಿ, ಚರ್ಮದ ಕಾಳಜಿ

ಲಡಾಖ್ ಎಂದೊಡನೆ ಕಣ್ಮುಂದೆ ಬರುವುದು ಹಿಮ. ಆದರೆ ಅದು ನಿಜಕ್ಕೂ ಒಂದು ಶೀತ ಮರುಭೂಮಿ. ಮಳೆಯ ಮೋಡಗಳನ್ನು ಹಿಮಾಲಯದ ಸಾಲು ದಕ್ಷಿಣದಲ್ಲೇ ತಡೆದುಬಿಡುತ್ತದೆ. ಹೀಗಾಗಿ ಸುಮಾರು 3,500 ಮೀಟರ್ ಎತ್ತರದ ಲೇಹ್ ಪಟ್ಟಣಕ್ಕೆ ವರ್ಷವಿಡೀ ದಕ್ಕುವ ಮಳೆ, ಹಿಮ ಎಲ್ಲ ಸೇರಿದರೂ 100 ಮಿಲಿಮೀಟರ್ ಆಸುಪಾಸು. ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ ಸೊನ್ನೆಗಿಂತ 15–20 ಡಿಗ್ರಿ ಕೆಳಗಿಳಿಯುವುದುಂಟು. ನಲ್ಲಿಯೊಳಗಿನ ನೀರೂ ಹೆಪ್ಪುಗಟ್ಟುತ್ತದೆ.

ಹೆಪ್ಪುಗಟ್ಟಿದ ಜಂಸ್ಕಾರ್ ನದಿಯ ಮೇಲಿನ ‘ಚಾದರ್’ ಚಾರಣಕ್ಕೆಂದು ಈ ದಿನಗಳಲ್ಲೇ ನಮ್ಮ ಕಾಲೇಜು ವಿದ್ಯಾರ್ಥಿಗಳೂ ಅಲ್ಲಿಗೆ ಹೋಗುತ್ತಾರೆ. ಸ್ವೆಟರು, ಕುಲಾವಿ, ಉಣ್ಣೆಯ ಕಾಲುಚೀಲಗಳ ಜೊತೆ ಅಮ್ಮ ಇಟ್ಟ ಕೊಬ್ಬರಿ ಎಣ್ಣೆಯ ಬಾಟಲಿಯೂ ಇರುತ್ತದೆ. 24 ಡಿಗ್ರಿಗೇ ಗಟ್ಟಿಯಾಗತೊಡಗುವ ಆ ಎಣ್ಣೆ ಲೇಹ್ ತಲುಪುವಷ್ಟರಲ್ಲಿ ಕಲ್ಲು! ಒಂದೆರಡು ದಿನಗಳಲ್ಲೇ ತುಟಿ ಬಿರಿಯುತ್ತದೆ, ಹಿಮ್ಮಡಿ ಒಡೆಯುತ್ತದೆ.

ಕಾರಣ ಸರಳ. ತಣ್ಣನೆಯ ಗಾಳಿ ಹೆಚ್ಚು ನೀರಾವಿಯನ್ನು ಹಿಡಿದಿಡಲಾರದು. ಅದೇ ಗಾಳಿ ಕೋಣೆಯೊಳಗೆ ‘ಬುಖಾರಿ’ ಒಲೆಯ ಶಾಖಕ್ಕೆ ಕಾದಾಗ ಇನ್ನಷ್ಟು ಒಣಗಿದಂತಾಗಿ, ಚರ್ಮದ ತೇವವನ್ನು ಹೀರುತ್ತದೆ. ಬಿಸಿಬಿಸಿ ನೀರು, ಖಾರದ ಸೋಪು ಸೇರಿದರೆ ಚರ್ಮವನ್ನು ಕಾಯುವ ಸಹಜ ಜಿಡ್ಡೂ ತೊಳೆದುಹೋಗುತ್ತದೆ.

ಲಡಾಖಿನ ಜನ ಇದಕ್ಕೆ ಹೊಂದಿಕೊಂಡ ಬಗೆ ನೋಡುವಂಥದು. ಕೊರೆಯುವ ಚಳಿಯಲ್ಲಿ ದಿನವೂ ಮೀಯುವ ಹಟ ಅವರಿಗಿಲ್ಲ. ಒಲೆಯ ಮೇಲೆ ನೀರಿನ ಪಾತ್ರೆ ಕಾಯುತ್ತಿರುತ್ತದೆ. ಅದರ ಹಬೆ ಕೋಣೆಗೆ ತೇವ ಕೊಡುತ್ತದೆ. ಸಿಂಧೂ ಕಣಿವೆಯ ಕೆಳಭಾಗದ ಹಳ್ಳಿಗಳಲ್ಲಿ ಏಪ್ರಿಕಾಟ್ ಹಣ್ಣನ್ನು ‘ಚುಲಿ’ ಎನ್ನುತ್ತಾರೆ. ಅದರ ಬೀಜದಿಂದ ತೆಗೆದ ಎಣ್ಣೆ ಕೊಬ್ಬರಿ ಎಣ್ಣೆಯಷ್ಟು ಬೇಗ ಹೆಪ್ಪುಗಟ್ಟದು. ಮೈಗೂ ಕೂದಲಿಗೂ ಅದೇ ಆರೈಕೆ.

ಹೋಗುವವರು ಅನುಸರಿಸಬೇಕಾದ್ದೂ ಹೆಚ್ಚುಕಡಿಮೆ ಇದೇ ದಾರಿ. ಉಗುರುಬೆಚ್ಚನೆಯ ನೀರಿನಲ್ಲಿ ಚುಟುಕು ಸ್ನಾನ, ಸೌಮ್ಯ ಸೋಪು ಸಾಕು. ಮೈ ಇನ್ನೂ ಹಸಿಯಾಗಿರುವಾಗಲೇ ದಪ್ಪನೆಯ ಕ್ರೀಮು ಅಥವಾ ಪೆಟ್ರೋಲಿಯಂ ಜೆಲ್ಲಿ ಹಚ್ಚಬೇಕು. ತುಟಿಯನ್ನು ನಾಲಿಗೆಯಿಂದ ಸವರಬಾರದು. ಎಂಜಲು ಆರಿದಷ್ಟೂ ಬಿರುಕು ಹೆಚ್ಚು.

ಚಳಿಯಲ್ಲಿ ಬಿಸಿಲಿನ ಭಯವೇಕೆ ಎನ್ನುವಂತಿಲ್ಲ. ಪ್ರತಿ 1,000 ಮೀಟರ್ ಏರಿದಂತೆ ನೇರಳಾತೀತ ಕಿರಣಗಳು ಸುಮಾರು ಶೇ 10ರಷ್ಟು ಹೆಚ್ಚುತ್ತವೆ. ಹೊಸ ಹಿಮ ಅವುಗಳಲ್ಲಿ ಶೇ 80ರವರೆಗೂ ಪ್ರತಿಫಲಿಸಬಲ್ಲದು. ಸನ್‌ಸ್ಕ್ರೀನ್, ತಂಪು ಕನ್ನಡಕ ಎರಡೂ ಬೇಕು.

ಎಲ್ಲಕ್ಕಿಂತ ಮುಖ್ಯವಾದ ಮಾತೊಂದಿದೆ. ಬೆರಳು ಬಿಳಿಚಿ ಜೋಮು ಹಿಡಿದರೆ ಅದು ಹಿಮಕಡಿತದ ಸೂಚನೆ. ಆಗ ಉಜ್ಜಬಾರದು, ಬುಖಾರಿಗೆ ಹಿಡಿಯಲೂಬಾರದು. ಸ್ಪರ್ಶಜ್ಞಾನವಿಲ್ಲದ ಬೆರಳಿಗೆ ಸುಟ್ಟದ್ದೂ ತಿಳಿಯದು. ಒದ್ದೆ ಕೈಗವಸು ಕಳಚಿ, ಬೆಚ್ಚಗೆ ಹೊದಿಸಿ, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಅಂಥ ಚಳಿಯಲ್ಲಿ ಬೆರಳಿನ ನೋವು ತಾನಾಗಿ ನಿಂತರೆ ಅದು ಸಮಾಧಾನದ ವಿಷಯವಲ್ಲ, ಎಚ್ಚರಿಕೆಯ ಗಂಟೆ.